ಪ್ಯಾಸೆಂಜರನ ಎರಡು ಹೊತ್ತಿನ ಔಷಧ

ಬುಧವಾರ ಬೆಳಿಗ್ಗೆ ಅಜ್ಜಿ ಬಾಳೆಹಣ್ಣಿನ ಚೂರನ್ನು ಚಮಚೆಯ ಬೆನ್ನಿನಿಂದ ಅರೆದು, ಅದರಲ್ಲಿ ಔಷಧ ಕಲಸಿ, ತಟ್ಟೆ ಹಿಡಿದು ಕಿಟಕಿಯ ಬಳಿಗೆ ಬಂದಾಗ ಪೆಟ್ಟಿಗೆಯೊಳಗಿನ ಇಲಿ ಪ್ಯಾಸೆಂಜರ್ ಏಳಲಿಲ್ಲ. ಹಳೆಯ ಸ್ವೆಟರಿನ ತೋಳೊಳಗೆ ಮೂತಿ ತೂರಿಸಿಕೊಂಡು ಮಲಗಿತ್ತು. ಅಜ್ಜಿ ಪೆಟ್ಟಿಗೆಯ ಜಾಲರಿಯನ್ನು ಎರಡು ಸಲ ತಟ್ಟಿದಳು. ಬೆರಳು ಒಳಗಿಟ್ಟು ಬೆನ್ನು ಮುಟ್ಟಿದಳು. ಮುಟ್ಟಿದ ಬೆರಳನ್ನು ಹಿಂದಕ್ಕೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು.

"ಲೋ, ಬಾರೋ ಇಲ್ಲಿ," ಎಂದು ಮಗನನ್ನು ಕರೆದಳು.

ಮಗ ಬಸ್ ಡ್ರೈವರ್. ಮೊದಲ ಪಾಳಿಗೆ ಹೊರಟು ಒಂದು ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಹಾಗೆಯೇ ಬಂದು ಬಗ್ಗಿ ನೋಡಿದ.

"ಹೋಯ್ತಮ್ಮ."

"ಸರಿಯಾಗಿ ನೋಡೋ. ಚಳಿಗೆ ಹಾಗೆ ಮುದುಡಿಕೊಳ್ಳುತ್ತೆ ಅದು."

"ನೋಡಿದೆ. ಹೋಗಿದೆ."

ಸೊಸೆ ಒಲೆಯ ಮುಂದೆ ನಿಂತಿದ್ದವಳು ತಿರುಗಲಿಲ್ಲ. ಮೊಮ್ಮಗಳು ಬಚ್ಚಲಿನಿಂದ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದಳು. ಪೆಟ್ಟಿಗೆಯ ಮುಂದೆ ಕುಳಿತು ಬ್ರಷ್ಷನ್ನು ನೆಲದ ಮೇಲೆ ಇಟ್ಟು ಅತ್ತಳು. ಅಜ್ಜಿ ಅಳಲಿಲ್ಲ. ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದಳು.

ಇಲಿ ಆ ಮನೆಗೆ ಬಂದು ಒಂದು ವರ್ಷವಾಗಿತ್ತು. ಕೊನೆಯ ಸರದಿ ಮುಗಿಸಿ ಬಸ್ಸನ್ನು ಡಿಪೋಗೆ ತಂದಾಗ ಹಿಂದಿನ ಸೀಟಿನ ಕೆಳಗೆ ತೂತು ಕೊರೆದ ಶೂ ಡಬ್ಬವೊಂದು ಮಗನಿಗೆ ಸಿಕ್ಕಿತ್ತು. ಒಳಗೆ ಬಿಳಿ ಮೈ, ಕಪ್ಪು ತಲೆಯ ಸಾಕಿದ ಇಲಿ. ಪ್ರಯಾಣಿಕರು ಮರೆತ ಸಾಮಾನುಗಳನ್ನು ಕಾಯುವ ಗುಮಾಸ್ತ ಮುಚ್ಚಳ ತೆಗೆದು ನೋಡಿ, "ಛತ್ರಿ ತಗೋತೀನಿ, ಟಿಫಿನ್ ಡಬ್ಬಿ ತಗೋತೀನಿ, ಯಾರೋ ಒಬ್ರು ಹಲ್ಲಿನ ಸೆಟ್ಟೇ ಬಿಟ್ಟು ಹೋಗಿದ್ರು, ಅದನ್ನೂ ತಗೊಂಡೆ. ಉಸಿರಾಡೋದನ್ನ ತಗೊಳ್ಳಲ್ಲ ಮಾರಾಯ," ಎಂದು ಡಬ್ಬವನ್ನು ವಾಪಸು ತಳ್ಳಿದನಂತೆ. ಬಿಟ್ಟವರು ಕೇಳಿಕೊಂಡು ಬರಬಹುದು, ಏಳು ದಿನ ಮನೆಯಲ್ಲಿಟ್ಟುಕೋ ಎಂದನಂತೆ. ಕೇಳಿಕೊಂಡು ಯಾರೂ ಬರಲಿಲ್ಲ.

"ಜನ ಬೆಟ್ಟ ಅಗೆದು ಇಲಿ ಹಿಡೀತಾರೆ. ನನಗೆ ಸೀಟಿನ ಕೆಳಗೇ ಸಿಕ್ತು, ನೋಡಿ ನನ್ನ ಅದೃಷ್ಟ," ಎಂದು ಮಗ ನಗೆಯಾಡಿದ. ಮೊಮ್ಮಗಳು ಅದಕ್ಕೆ ಪ್ಯಾಸೆಂಜರ್ ಎಂದು ಹೆಸರಿಟ್ಟಳು. ಸೊಸೆ ಮಾತ್ರ ಮೊದಲ ದಿನವೇ ಹೇಳಿಬಿಟ್ಟಳು: "ಸಾಕೋರು ಸಾಕಿ. ನನ್ನ ಕೈಗೆ ಮಾತ್ರ ಇನ್ನೊಂದು ಕೆಲಸ ಹಚ್ಚಬೇಡಿ. ಆ ಇಲಿ ಸುದ್ದಿ ನನ್ನ ಕಿವಿಗೂ ಹಾಕಬೇಡಿ."

ಅವಳು ಹಾಗೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವುದು ಅವಳ ಕೆಲಸ. ಏಳು ಗಂಟೆಗೆ ಹೋದರೆ ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಕೋಟು ಎಂದು ಸಂಜೆ ನಾಲ್ಕರವರೆಗೆ ಹಬೆಯಲ್ಲಿ ಬೇಯಬೇಕು. ಮುಂಗೈ ತುಂಬ ಸುಟ್ಟ ಗೆರೆಗಳು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಇಲಿ ಬರುವುದಕ್ಕೂ ಮೊದಲು ಎಂಟು ತಿಂಗಳು ಹಾಸಿಗೆ ಹಿಡಿದ ಮಾವನನ್ನು ನೋಡಿಕೊಂಡವಳೂ ಅವಳೇ. ಮಾವ ಬಡಗಿ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ಮಧ್ಯಾಹ್ನ ಹೋಗಿದ್ದವು. ಅದೇ ತಿಂಗಳು ಅಜ್ಜಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಗಂಡನನ್ನು ಹೊರಳಿಸಲು ಆಗದು, ಎತ್ತಲು ಆಗದು. ಪಟ್ಟಿ ಬಿಚ್ಚಿದ ಮೇಲೆ, ನಡುಗುವ ಕೈಯಲ್ಲೇ, ಎರಡು ಹೊತ್ತು ಊಟ ಮಾಡಿಸುವುದೊಂದನ್ನು ಮಾತ್ರ ಹಟ ಮಾಡಿ ತನ್ನ ಪಾಲಿಗೆ ಉಳಿಸಿಕೊಂಡಿದ್ದಳು. ಗಂಡ ಹೋಗಿ ಒಂದೂವರೆ ವರ್ಷವಾದರೂ, ಏನೂ ಮಾಡಲಾಗಲಿಲ್ಲವಲ್ಲ ಎಂಬ ನೋವು ಬಂದಾಗಲೆಲ್ಲ, ಉಣಿಸಿದೆನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೊದಮೊದಲು ಇಲಿಯನ್ನು ಕಂಡರೆ ಅವಳಿಗೂ ಅಸಹ್ಯವೇ. ಮುದಿತನ ಅದರ ಹಿಂಗಾಲಿಗೆ ಇಳಿದ ಮೇಲೆ ಅದು ಬದಲಾಯಿತು. ಪ್ಯಾಸೆಂಜರ್ ಹಿಂದಿನ ಎರಡು ಕಾಲುಗಳನ್ನು ಎಳೆದುಕೊಂಡು ಅನ್ನದ ಅಗುಳಿನ ಕಡೆಗೆ ತೆವಳುವುದನ್ನು ಒಂದು ದಿನ ನೋಡಿದಳು. ಅಂದೇ ಗಂಡನ ಉಪಕರಣದ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆಸಿದಳು.

"ಅಪ್ಪನ ಪೆಟ್ಟಿಗೇನಾ?" ಎಂದು ಮಗ ಉಳಿ, ಗರಗಸಗಳನ್ನು ಹೊರಗಿಡುತ್ತ ಕೇಳಿದ.

"ಹೂಂ. ಈಗಿರೋ ಪಂಜರದ ಮೆಟ್ಟಿಲು ಹತ್ತೋಕಾಗಲ್ಲ ಅದಕ್ಕೆ. ಇದು ಸಮತಟ್ಟಾಗಿದೆ. ಮೇಲೊಂದು ಜಾಲರಿ ಹೊಡೆದುಕೊಡು."

"ಅಪ್ಪ ಇದ್ದಿದ್ರೆ ಅದೇ ಪೆಟ್ಟಿಗೇಲಿ ನನ್ನನ್ನೂ ಕೂಡಿಹಾಕೋರು."

"ಇರಬೇಕಾಗಿತ್ತಲ್ಲ," ಎಂದಳು ಅಜ್ಜಿ.

ಅಂದಿನಿಂದ ಇಲಿಯ ಚಾಕರಿ ಅವಳದಾಯಿತು. ಮೊಮ್ಮಗಳು ಶಿಕ್ಷಕರ ತರಬೇತಿಯ ಕೊನೆಯ ವರ್ಷದಲ್ಲಿದ್ದಳು; ಪರೀಕ್ಷೆ ಹತ್ತಿರವಾದಂತೆ ಪೆಟ್ಟಿಗೆಯ ಕಡೆ ಬಗ್ಗಿ ನೋಡುವುದೂ ನಿಂತಿತು. ಅಜ್ಜಿ ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಅದರ ಹಿಂಭಾಗ ಒರೆಸುವಳು, ಒದ್ದೆಯಾದ ಚಿಂದಿ ಬದಲಿಸುವಳು, ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ ಹಿಚುಕುವಳು. ಕಣ್ಣಿನ ಸುತ್ತ ಕೆಂಪಗೆ ಕಟ್ಟಿದ್ದನ್ನು ನೋಡಿ ರಕ್ತವೆಂದು ಹೆದರಿ ಪಶುವೈದ್ಯರ ಬಳಿಗೆ ಕಳಿಸಿದಳು. ರಕ್ತವಲ್ಲ, ಮುದಿ ಇಲಿಗಳಿಗೆ ಹಾಗೆ ಆಗುತ್ತದೆ ಎಂದರು. ಆದರೆ ಎಣ್ಣೆ ಕಾಣದ ಹೊಲಿಗೆ ಯಂತ್ರದ ಹಾಗೆ ಉಸಿರು ಕಿರುಗುಟ್ಟುತ್ತಿತ್ತು. ಅದಕ್ಕೆ ಎರಡು ಹೊತ್ತು ಕೊಡಲು ಒಂದು ಬಾಟಲಿ ಔಷಧ ಬಂತು. ಹಾಕಲು ಸೂಜಿಯಿಲ್ಲದ ಎರಡು ಪುಟ್ಟ ಸಿರಿಂಜುಗಳೂ ಬಂದವು.

"ಇದು ನನ್ನ ಕೆಲಸ. ಯಾರೂ ಕೈ ಹಾಕಬೇಡಿ," ಎಂದಳು ಅಜ್ಜಿ.

"ಯಾರು ಹಾಕ್ತಾರೆ?" ಎಂದಳು ಸೊಸೆ. "ಊರವರ ಬಟ್ಟೆ ಬೇಯಿಸಿ ಬಂದು ಮನೇಲಿ ನೋಡಿದ್ರೆ ನನ್ನ ಬಕೆಟ್ಟಲ್ಲಿ ಇಲಿ ಬಟ್ಟೆ ನೆನೆಸಿದೆ. ಬೇರೆ ಬಕೆಟ್ಟಿಲ್ವಾ ಅತ್ತೆ?"

"ಅದರ ಬಟ್ಟೆ ಅಂಗೈಯಷ್ಟಿದೆ ಕಣೇ."

"ಅಂಗೈಯಷ್ಟಿದ್ರೂ ನಾತ ಮನೆಯಷ್ಟಿದೆ."

"ಹಾಗಾದ್ರೆ ಮೂಗು ಮುಚ್ಕೋ."

"ಮೂಗು ಮುಚ್ಕೊಂಡ್ರೆ ಅಡುಗೆ ಯಾವ ಕೈಯಲ್ಲಿ ಮಾಡ್ಲಿ?"

ಈ ಜಗಳ ವಾರಕ್ಕೆ ಎರಡು ಬಾರಿಯಾದರೂ ನಡೆಯುತ್ತಿತ್ತು. ಮಗ ಕೇಳಿಸದವನಂತೆ ತಟ್ಟೆಯಲ್ಲಿ ಆಲೂಗಡ್ಡೆ ಹುಡುಕುತ್ತಿದ್ದ.

ಮೊದಲ ಬಾಟಲಿ ತಿಂಗಳಿಗೆ ಬರಬೇಕಾದದ್ದು ಇಪ್ಪತ್ತೇ ದಿನಕ್ಕೆ ಮುಗಿಯಿತು. ಎರಡನೆಯದನ್ನು ತಂದ ಮೊಮ್ಮಗಳು, "ಅಜ್ಜಿ, ಕಾಂಪೌಂಡರು ಕೇಳಿದ್ರು, ಇಲಿಗೆ ಹಾಕ್ತೀರೋ ನೆಲಕ್ಕೆ ಹಾಕ್ತೀರೋ ಅಂತ. ಎಲ್ಲಾ ಚೆಲ್ತಾ ಇದ್ದೀಯ ನೀನು," ಎಂದಳು. ಅಜ್ಜಿಗೆ ನಾಚಿಕೆಯಾಯಿತು. ಮೂವತ್ತು ವರ್ಷ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದ ಕೈ ಅದು. ಗುಂಡಿಯ ಮನೆ ಒಂದು ನೂಲಿನಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಈಗ ಸಿರಿಂಜಿನ ಗೆರೆ ಕಾಣುವುದಿಲ್ಲ, ಇಲಿಯ ಬಾಯಿಗೆ ಹಿಡಿದರೆ ಅರ್ಧ ಗಲ್ಲದ ಮೇಲೆ. ಅಂದು ಮಧ್ಯಾಹ್ನ ಅವಳು ಹಳೆಯ ಡಬ್ಬಿಯಿಂದ ಕೆಂಪು ದಾರ ತೆಗೆದು, ಮೊಮ್ಮಗಳಿಂದ ಗೆರೆ ತೋರಿಸಿಕೊಂಡು, ಆ ಗೆರೆಯ ಮೇಲೆ ಗಂಟು ಬಿಗಿದಳು. ಗಂಟು ಉಗುರಿಗೆ ತಾಕಿದರೆ ಅಳತೆ ಸರಿ. ಬಾಯಿಗೆ ಹಾಕುವ ಬದಲು ಬಾಳೆಹಣ್ಣಿನಲ್ಲಿ ಕಲಸಿದಳು. ಪ್ಯಾಸೆಂಜರ್ ತಟ್ಟೆಯನ್ನು ತೊಳೆದಿಟ್ಟ ಹಾಗೆ ನೆಕ್ಕಿತು. ಅಂದಿನಿಂದ ಒಂದು ಹನಿಯೂ ಚೆಲ್ಲಲಿಲ್ಲ. ಈ ಹೊಸ ಉಪಾಯವನ್ನು ಸೊಸೆಗೆ ಯಾರೂ ಹೇಳಲಿಲ್ಲ. ಇಲಿ ಸುದ್ದಿ ಕಿವಿಗೆ ಹಾಕಬೇಡಿ ಎಂದವಳಿಗೆ ಹೇಳುವುದೇನು?

ಅದಾದ ಇಪ್ಪತ್ತನೆಯ ದಿನ ಪ್ಯಾಸೆಂಜರ್ ಸತ್ತಿತು. ಹಿತ್ತಲಿನ ಗೋಡೆಯ ಬದಿಯಲ್ಲಿ, ನೀರಿನ ನಲ್ಲಿಯ ಪಕ್ಕ ಮಣ್ಣು ಮೆತ್ತಗಿದ್ದ ಕಡೆ ಮಗ ಗುಂಡಿ ತೋಡಿ ಹೂತು ಕೆಲಸಕ್ಕೆ ಹೋದ.

ಮರುದಿನ ಮೊಮ್ಮಗಳು ಉಳಿದ ಔಷಧ ಇನ್ನೊಂದು ಪ್ರಾಣಿಗಾದರೂ ಆಗಲಿ ಎಂದು ಒಳಗೆ ಕಾಣದ ಕಂದು ಬಾಟಲಿಯನ್ನು ಕಾಂಪೌಂಡರಿಗೆ ಕೊಡಲು ಹೋದಳು. ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು.

"ಅಜ್ಜಿ, ದಿನಕ್ಕೆ ಎಷ್ಟು ಸಲ ಹಾಕ್ತಿದ್ದೆ?"

"ಎರಡು ಸಲ. ಬೆಳಿಗ್ಗೆ ಒಂದು, ಸಂಜೆ ಒಂದು."

"ಬಾಟಲಿಯಲ್ಲಿ ಇನ್ನೂ ಮೂರನೇ ಒಂದು ಪಾಲು ಇರಬೇಕಿತ್ತಂತೆ. ತಳದಲ್ಲಿ ನಾಲ್ಕು ಹನಿ ಇದೆ."

"ನಾನು ಚೆಲ್ಲಿಲ್ಲ ಪುಟ್ಟಿ. ದಾರ ಕಟ್ಟಿದ ಮೇಲೆ ಚೆಲ್ಲಿಲ್ಲ."

ಮೊಮ್ಮಗಳು ಸಿರಿಂಜು ತಂದು ಗಂಟು ನೋಡಿದಳು. ಗೆರೆಯ ಮೇಲೇ ಇತ್ತು. ಆಗ ಮಗ ಟೀ ಲೋಟ ಕೆಳಗಿಟ್ಟು, ಬಸ್ಸಿನಲ್ಲಿ ಮುದುಕರಿಗೆ ನಿಲ್ದಾಣ ತಪ್ಪಿತೆಂದು ಹೇಳುವ ಮೆತ್ತನೆಯ ದನಿಯಲ್ಲಿ ಕೇಳಿದ.

"ಅಮ್ಮ, ಒಂದು ಸಲ ಹಾಕಿ, ಹಾಕಿದ್ದು ಮರೆತು ಮತ್ತೆ ಹಾಕಿರಬಹುದಾ?"

"ಇಲ್ಲ."

"ಹೋದ ವಾರ ಹಾಲು ಒಲೆ ಮೇಲಿಟ್ಟು ಮರೆತಿರಲಿಲ್ವಾ? ಪಾತ್ರೆ ತಳ ಕಪ್ಪಾಗಿ ಹೋಯ್ತು."

"ಅದು ಬಾಗಿಲಿಗೆ ಯಾರೋ ಬಂದ್ರು ಅಂತ..."

"ಯಾರು ಬಂದಿದ್ರು?"

ಅಜ್ಜಿಗೆ ನೆನಪಾಗಲಿಲ್ಲ. ಸೊಸೆ ಮೂಲೆಯಲ್ಲಿ ಕುಳಿತು ಟೊಮೇಟೊ ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು.

"ಹೆಚ್ಚಾದರೆ ಏನಾಗುತ್ತಂತೆ?" ಎಂದು ಅಜ್ಜಿ ಕೇಳಿದಳು.

"ಅದರಿಂದಲೇ ಹೋಯ್ತು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ ಅಂದ್ರು. ಮೊದಲೇ ಮುದಿ ಜೀವ," ಎಂದಳು ಮೊಮ್ಮಗಳು. ಇಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮರುದಿನ ಮಗ ಗ್ಯಾಸಿನ ಹತ್ತಿರ ಹೋಗಬೇಡ ಎಂದ. ಅದರ ಮರುದಿನ ಅವಳ ಸೊಂಟದಲ್ಲಿದ್ದ ಮನೆಯ ಬೀಗದ ಕೈಯನ್ನು ಕೇಳಿ ಪಡೆದ. "ನಿನ್ನ ಒಳ್ಳೇದಕ್ಕೇ ಅಮ್ಮ. ಹೊರಗೆ ಹೋಗಿ ದಾರಿ ಮರೆತ್ರೆ ನಾವು ಎಲ್ಲಿ ಅಂತ ಹುಡುಕೋಣ?" ಎಂದ. ಅವನ ಮುಖದಲ್ಲಿ ಹೆದರಿಕೆಯಿತ್ತು, ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಎದುರಾಡಲು ಆಗಲಿಲ್ಲ.

ಹತ್ತು ದಿನ ಹೀಗೆ ಕಳೆದವು. ಅಜ್ಜಿ ಕುರ್ಚಿಯಲ್ಲಿ ಕುಳಿತು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಳು. ಹದಿನೇಳರ ಮಗ್ಗಿ ಹೇಳಿಕೊಂಡಳು, ಪೂರ್ತಿ ಬಂತು. ತಾನು ಸಮವಸ್ತ್ರ ಹೊಲಿದ ಮಕ್ಕಳ ಮುಖ ನೆನೆದಳು, ಬಂತು. ಆದರೆ ಬುಧವಾರದ ಹಿಂದಿನ ಮಂಗಳವಾರ ಸಂಜೆ ಬಾಳೆಹಣ್ಣು ಅರೆದದ್ದು ಒಂದು ಸಲವೋ ಎರಡು ಸಲವೋ? ಒಂದೇ ಸಲ ಎಂದು ಮನಸ್ಸು ಹೇಳುತ್ತದೆ. ಮರೆತವಳ ಮನಸ್ಸು ಇನ್ನೇನು ಹೇಳೀತು? ದೇವರ ಮುಂದೆ ಕುಳಿತರೂ ಇದೇ. ಪ್ರಾರ್ಥನೆಯ ಸಾಲು ನಡುವೆ ತಡೆದರೆ ಮೊದಲಿನಿಂದ ಮತ್ತೆ ಶುರು ಮಾಡುತ್ತಿದ್ದಳು.

ಅಡುಗೆಯ ಭಾರ ಪೂರ್ತಿ ಸೊಸೆಯ ಮೇಲೆ ಬಿತ್ತು. ಮುಂಚೆ ಅನ್ನಕ್ಕಿಡುವುದು, ತರಕಾರಿ ಬೇಯಿಸುವುದು ಅಜ್ಜಿ ಮಾಡುತ್ತಿದ್ದಳು. ಈಗ ಸೊಸೆ ಬೇಗನೆ ಎದ್ದು ಎಲ್ಲ ಮುಗಿಸಿ ಓಡಬೇಕು. ಸಂಜೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲಬೇಕು. ಒಂದು ದಿನ ಉಪ್ಪೇ ಇಲ್ಲ, ಇನ್ನೊಂದು ದಿನ ಎರಡು ಸಲ ಬಿದ್ದಿತ್ತು.

"ನೀನೂ ಮರೆಯೋಕೆ ಶುರು ಮಾಡಿದ್ಯಾ?" ಎಂದು ಮಗ ನಗಲು ನೋಡಿದ.

"ನಗಬೇಡಿ," ಎಂದಳು ಸೊಸೆ.

ಭಾನುವಾರ ಮಧ್ಯಾಹ್ನ ಅವಳು ಒಣಗಿದ ಬಟ್ಟೆಯ ರಾಶಿಯನ್ನು ತಂದು ಅಜ್ಜಿಯ ಮುಂದೆ ಹಾಕಿ ಮಡಿಸಲು ಕುಳಿತಳು. ಅಜ್ಜಿ ಒಂದು ಟವೆಲ್ಲು ತೆಗೆದುಕೊಂಡಳು.

"ಇದನ್ನಾದ್ರೂ ಮಾಡಬಹುದೋ, ಇದನ್ನೂ ಮರೀತೀನೋ?"

ಸೊಸೆ ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲೆ ಇಟ್ಟಳು.

"ಅತ್ತೆ, ನೀವು ಏನೂ ಮರೆತಿಲ್ಲ. ಔಷಧ ಹೆಚ್ಚಿಗೆ ಹಾಕಿದೋಳು ನಾನು."

"ನೀನಾ? ನೀನು ಆ ಪೆಟ್ಟಿಗೆ ಮುಟ್ಟಿದ್ದೇ ನಾನು ನೋಡಿಲ್ಲ."

"ನೀವು ಪ್ರಾರ್ಥನೆಗೆ ಕೂತಾಗ ಮುಟ್ತಿದ್ದೆ. ಅರ್ಧ ಚೆಲ್ತಿತ್ತು ನಿಮ್ಮ ಕೈಯಿಂದ. ಅದರ ಗಲ್ಲ ಒದ್ದೆ, ಚಿಂದಿ ಒದ್ದೆ. ಇನ್ನೊಂದು ಸಿರಿಂಜು ಇತ್ತಲ್ಲ, ಅದರಲ್ಲಿ ಉಳಿದರ್ಧ ಹಾಕ್ತಿದ್ದೆ. ನೀವು ದಾರ ಕಟ್ಟಿದ್ದು, ಬಾಳೆಹಣ್ಣು ಮಾಡಿದ್ದು ನನಗೆ ಗೊತ್ತಿರಲಿಲ್ಲ. ಆಮೇಲೆ ಗಲ್ಲ ಒಣಗಿದ್ದು ಕಂಡ್ರೂ, ನೀವು ಒರೆಸಿದ್ದೀರಿ ಅಂದ್ಕೊಂಡೆ. ಅವತ್ತು ಪುಟ್ಟಿ ಸಿರಿಂಜು ಹಿಡಿದು ನೋಡಿದಾಗಲೇ ಗೊತ್ತಾಗಿದ್ದು."

"ಗೊತ್ತಾಗಿ ಹತ್ತು ದಿನ ಆಯ್ತು."

"ಹೂಂ."

"ಹತ್ತು ದಿನ ನನ್ನನ್ನ ಹುಚ್ಚಿ ಮಾಡಿ ಕೂರಿಸಿದ್ಯಲ್ಲೇ."

"ಹೇಳೋಕೆ ಬಾಯಿ ಬರಲಿಲ್ಲ."

"ನನ್ನ ಕೈ ಚೆಲ್ಲುತ್ತೆ ಅಂತ ಆಗಲೇ ನನಗೆ ಹೇಳೋಕೇನಾಗಿತ್ತು? ಬಕೆಟ್ಟಿನ ವಿಷಯಕ್ಕೆ ಊರೆಲ್ಲ ಕೇಳೋ ಹಾಗೆ ಕೂಗ್ತೀಯ!"

"ಬಕೆಟ್ಟಿನ ವಿಷಯಕ್ಕೆ ಕೂಗಬಹುದು ಅತ್ತೆ. ಇದಕ್ಕೆ ಹೇಗೆ ಕೂಗ್ಲಿ? ಮಾವನ ವಿಷಯದಲ್ಲೂ ನಾನು ಹೇಳ್ಲಿಲ್ಲ."

ಮಾತು ಬಾಯಿಂದ ಜಾರಿದ್ದು ಇಬ್ಬರಿಗೂ ತಿಳಿಯಿತು. ಸೊಸೆ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ಇಡು ಅದನ್ನ," ಎಂದಳು ಅಜ್ಜಿ. "ಅವರ ವಿಷಯ ಏನು?"

"ಬೇಡ ಬಿಡಿ."

"ಏನು ಅಂತ ಕೇಳ್ದೆ."

ಸೊಸೆ ನೆಲ ನೋಡುತ್ತ ಹೇಳಿದಳು. ಆಗಲೂ ಹೀಗೆಯೇ. ಅತ್ತೆ ಉಣಿಸಿ ಎದ್ದು ಹೋದ ಮೇಲೆ ಮಾವನ ಕುತ್ತಿಗೆಯ ಬಟ್ಟೆ ಬಿಚ್ಚಿದರೆ ಅರ್ಧ ಅನ್ನ ಅದರಲ್ಲೇ ಇರುತ್ತಿತ್ತು. ಒರೆಸಿ, ಅಂಗಿ ಬದಲಿಸಿ, ಅವಳು ಮತ್ತೆ ಕಲಸಿ ತಿನ್ನಿಸುತ್ತಿದ್ದಳು. ಎರಡು ಹೊತ್ತೂ. ಕೊನೆಯ ದಿನದವರೆಗೆ.

ಅಜ್ಜಿ ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

"ಅವರಿಗೆ ಗೊತ್ತಿತ್ತಾ, ನನಗೆ ತಿಳಿಯದ ಹಾಗೆ ಮಾಡ್ತೀಯ ಅಂತ?"

"ಗೊತ್ತಿಲ್ದೆ ಏನು? ಎಡಗೈ ಬೆರಳು ತುಟಿ ಮೇಲಿಟ್ಟು ನಿಮ್ಮ ಕೋಣೆ ಕಡೆ ಕಣ್ಣು ಮಾಡೋರು. ಹೇಳಬೇಡ ಅಂತ."

"ಹಾಗಾದ್ರೆ ನನ್ನ ಕೈಯಿಂದ ಅವರು ಒಂದು ದಿನವೂ ಹೊಟ್ಟೆ ತುಂಬಾ ಉಣ್ಣಲಿಲ್ಲ."

"ಅದು ನಿಜ," ಎಂದಳು ಸೊಸೆ. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಆದ್ರೆ ಒಂದು ಮಾತು ಅತ್ತೆ. ನಿಮ್ಮ ಮಣಿಕಟ್ಟಿಗೆ ಪಟ್ಟಿ ಇದ್ದಷ್ಟು ದಿನ ನಾನೊಬ್ಬಳೇ ತಿನ್ನಿಸಿದ್ದು. ಹಲ್ಲು ಕಚ್ಕೊಂಡು ಬಾಯೇ ತೆರೀತಿರಲಿಲ್ಲ. ನೀವು ಕೂತು ನಾಲ್ಕು ತುತ್ತು ಕೊಟ್ಟ ಮೇಲೆ ನನ್ನ ಹತ್ತಿರ ತೆರೆಯೋಕೆ ಶುರು ಮಾಡಿದ್ರು. ನೀವು ಕೊಡದ ದಿನ ನನ್ನದನ್ನೂ ತಿಂತಿರಲಿಲ್ಲ," ಎಂದಳು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇಲಿ ಸತ್ತ ದಿನ ಬರದ ಅಳು ಈಗ ಬಂದಿತ್ತು. ಸೊಸೆಯ ಮುಂಗೈ ಹತ್ತಿರದಲ್ಲೇ ಇತ್ತು. ಅದರ ಮೇಲೆ ಹೊಸದಾಗಿ ಸುಟ್ಟ ಗೆರೆಯೊಂದಿತ್ತು.

"ಇದಕ್ಕೇನು ಹಚ್ಚಿದ್ದೀಯ?"

"ಏನೂ ಇಲ್ಲ."

"ಹಚ್ಚು. ಕೀವಾಗುತ್ತೆ."

ಸಂಜೆ ಊಟಕ್ಕೆ ಎಲ್ಲರೂ ಕುಳಿತಾಗ ಸೊಸೆ ಬಡಿಸುವ ಮೊದಲೇ ಹೇಳಿಬಿಟ್ಟಳು. ಮಾವನ ವಿಷಯ ಎತ್ತಲಿಲ್ಲ. ಔಷಧದ್ದು ಮಾತ್ರ ಪೂರ್ತಿ ಹೇಳಿದಳು. ಮಗ ಕೈ ತೊಳೆದವನು ಒರೆಸಿಕೊಳ್ಳುವುದನ್ನೇ ಬಿಟ್ಟ.

"ಮೊದಲೇ ಹೇಳೋಕೇನು ಕಷ್ಟ ನಿನಗೆ?"

"ಕಷ್ಟಾನೇರಿ. ಇಲ್ಲಾಂದ್ರೆ ಹೇಳ್ತಿರಲಿಲ್ವಾ?"

ಮೊಮ್ಮಗಳು ತಟ್ಟೆ ಹಿಂದಕ್ಕೆ ತಳ್ಳಿದಳು. "ಅಂದ್ರೆ ಅದನ್ನ ಸಾಯಿಸಿದ್ದು ನೀನಾ ಅಮ್ಮ? ನಿನಗೆ ಅದನ್ನ ಕಂಡ್ರೆ ಆಗ್ತಿರಲಿಲ್ಲ ಬೇರೆ."

"ಬಾಯಿ ಮುಚ್ಚು," ಎಂದಳು ಅಜ್ಜಿ. ಹತ್ತು ದಿನಗಳ ನಂತರ ಆ ಮನೆಯಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. "ಕಂಡ್ರೆ ಆಗದವಳು ಕೆಲಸಕ್ಕೆ ಓಡೋ ಹೊತ್ತಲ್ಲಿ ಬಗ್ಗಿ ಕೂತು ಅದರ ಬಾಯಿಗೆ ಹನಿ ಹಾಕ್ತಿದ್ಳಾ? ಕಂಡ್ರೆ ಆಗುತ್ತೆ ಅಂದ ನೀನು ಎರಡು ತಿಂಗಳಿಂದ ಪೆಟ್ಟಿಗೆ ಹತ್ತಿರ ಬಂದ್ಯಾ? ಕೈ ಕಟ್ಟಿ ಕೂತೋರ ಕೈಯಲ್ಲಿ ತಪ್ಪಾಗಲ್ಲ ಪುಟ್ಟಿ. ನೋಡಿಕೊಂಡೋರ ಕೈಯಲ್ಲೇ ಆಗೋದು. ಉಣ್ಣು."

ಮೊಮ್ಮಗಳು ಉಣ್ಣಲಿಲ್ಲ, ಎದ್ದೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿ ಅವಳ ತಟ್ಟೆಯನ್ನು ಮತ್ತೆ ಮುಂದಕ್ಕೆ ಸರಿಸಿದಳು. ಅವಳು ತಲೆ ತಗ್ಗಿಸಿ ಕಲಸಿದಳು. ಮಗ ಜೇಬಿನಿಂದ ಬೀಗದ ಕೈ ತೆಗೆದು ಅಜ್ಜಿಯ ನೀರಿನ ಲೋಟದ ಪಕ್ಕ ಇಟ್ಟ.

"ನಾಳೆಯಿಂದ ಅನ್ನಕ್ಕೆ ನಾನಿಡ್ತೀನಿ," ಎಂದಳು ಅಜ್ಜಿ. "ಕೈ ನಡುಗಿ ಚೆಲ್ಲಿದ್ರೆ ಹೇಳು. ನಾನು ಆ ಕಡೆ ತಿರುಗೋವರೆಗೆ ಕಾಯಬೇಡ."

"ಹೇಳ್ತೀನಿ ಅತ್ತೆ."

ಮರುದಿನ ಸಂಜೆ ಸೊಸೆ ಕೆಲಸದಿಂದ ಬಂದು ಹಿತ್ತಲಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ ಅಜ್ಜಿ ಗೋಡೆ ಹಿಡಿದು ಅಲ್ಲಿಗೆ ಬಂದಳು. ಇಲಿಯನ್ನು ಹೂತ ಮಣ್ಣು ಆಗಲೇ ಕುಸಿದು ಸಮವಾಗಿತ್ತು. ಸೊಸೆ ಹೋಗಲು ಹೊರಟಳು.

"ಇರು. ಎಲ್ಲಿ ಓಡ್ತೀಯ?"

"ನನಗೆ ಪ್ರಾರ್ಥನೆ ಗೀರ್ಥನೆ ಬರಲ್ಲ ಅತ್ತೆ."

"ಬರದೋರು ಸುಮ್ನೆ ನಿಲ್ಲಬೇಕು."

ಸೊಸೆ ಒದ್ದೆ ಕಾಲಿನಲ್ಲೇ ನಿಂತಳು. ಅಜ್ಜಿ ನಡುಗುವ ಎರಡು ಕೈಗಳನ್ನು ಜೋಡಿಸಿದಳು.

"ದೇವರೇ, ಯಾರೋ ಬಿಟ್ಟು ಹೋದ ಜೀವ ಇದು. ನಮ್ಮ ಮನೆಗೆ ಬಂತು, ಒಂದು ವರ್ಷ ಇತ್ತು, ನಾವು ಕೊಟ್ಟದ್ದನ್ನು ತಿಂದಿತು. ಕೊಟ್ಟದ್ದರಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಅದು ಈ ಹುಡುಗಿಯ ತಲೆಗೆ ಬಾರದಿರಲಿ, ಅವಳು ದಣಿದಿದ್ದಾಳೆ. ಈ ಮೂಕಪ್ರಾಣಿ ಇನ್ನು ಕಾಲು ಎಳೆದುಕೊಂಡು ತೆವಳದಿರಲಿ, ಅದಕ್ಕೆ ಉಸಿರು ಕಟ್ಟದಿರಲಿ. ನಾನು ಒಂದು ತುತ್ತನ್ನೂ ನೆಟ್ಟಗೆ ಬಾಯಿಗಿಡದಿದ್ದರೂ ನನ್ನ ಮುಂದೆ ಬಾಯಿ ತೆರೆದನಲ್ಲ, ಆ ಮನುಷ್ಯನಿಗೂ ನಿನ್ನಲ್ಲಿ ಹಸಿವಾಗದಿರಲಿ. ಹೋದ ಈ ಎರಡು ಜೀವಕ್ಕೂ, ತಂದೆ, ಶಾಂತಿ ಕೊಡು."